ಟವೆಲ್ಲಿನ ಕೆಳಗೆ ಕ್ವಾಚಾದ ದರ

ಸೊಲ್ಲಾಪುರದ ಟವೆಲ್ ಪೇಟೆಗೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗರು, ಹುಡುಗಿಯರು ನನ್ನನ್ನು ಚಹಾದಂಗಡಿಯಲ್ಲಿ ಹಿಡಿದು ಕೇಳುತ್ತಾರೆ: "ವಾಮನರಾವ್, ಇಷ್ಟ ವರ್ಷ ಆ ಪೇಢಿಯೊಳಗ ನೀವು ಮಾಡಿದ್ದರ ಏನ್ರಿ?" ಉತ್ತರ ಹೇಳಿದರೆ ನಗುತ್ತಾರೆ. ಟಾಂಜಾನಿಯಾದ ಶಿಲ್ಲಿಂಗ್ ಎದುರು ಜಾಂಬಿಯಾದ ಕ್ವಾಚಾ ಇವತ್ತು ಎಷ್ಟಕ್ಕೆ ನಡೆದಿದೆ ಎಂದು ದಿನಾ ಬೆಳಿಗ್ಗೆ ತಿಳಿದು ಆ ಟವೆಲ್ ವ್ಯಾಪಾರದ ಅಂಗಡಿಯ ಸಾಹುಕಾರರಿಗೆ ಮುಟ್ಟಿಸುವುದು, ಅಷ್ಟೇ ನನ್ನ ಕೆಲಸ. ಆ ಎರಡು ದೇಶಗಳನ್ನು ನಾನು ನೋಡಿಲ್ಲ. ವಿಮಾನ ಹತ್ತಿಲ್ಲ. ಬಡ್ತಿ ಬಗ್ಗೆ ಬರೆಯಲು ಏನೂ ಇಲ್ಲ, ಕುರ್ಚಿಗೆ ಒಂದು ದಿಂಬು ಬಂತು ಎಂಬುದನ್ನು ಬಿಟ್ಟರೆ. ಆದರೆ ಈ ಕೆಲಸ ನನಗೆ ತೋರಿಸಿದ್ದನ್ನು ಬರೆಯದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ನಾನು ದೆವ್ವ ಭೂತ ನಂಬುವವನಲ್ಲ. ದರ ನಂಬುವವನು. ನನ್ನ ತೊಂದರೆಯೆಲ್ಲ ಅಲ್ಲೇ ಇದೆ.

ಮೊದಲು ಧಂದೆ ತಿಳಿಯಲಿ. ನಮ್ಮ ಟವೆಲ್ ಗಂಟುಗಳು ಹಡಗಿನಲ್ಲಿ ದಾರ್ ಎಸ್ ಸಲಾಮ್ ಬಂದರಿಗೆ ಹೋಗುತ್ತವೆ. ಅಲ್ಲಿಂದ ಲಾರಿಯಲ್ಲಿ ತುಂಡುಮಾ ಎಂಬ ಗಡಿ ಊರಿಗೆ. ಗಡಿಯ ಆಚೆ ಜಾಂಬಿಯಾ. ಆ ಕಡೆಯ ಹೆಣ್ಣುಮಕ್ಕಳು ಕ್ವಾಚಾ ತಂದು, ಈ ಕಡೆ ಶಿಲ್ಲಿಂಗ್ ಮಾಡಿಸಿ, ನಮ್ಮ ಅಂಗಡಿಯಲ್ಲಿ ಟವೆಲ್ ಕೊಂಡು ತಲೆಯ ಮೇಲೆ ಹೊತ್ತು ವಾಪಸು ಹೋಗುತ್ತಾರೆ. ಕ್ವಾಚಾ ಏರಿದರೆ ಅವರು ದಪ್ಪ ಟವೆಲ್ ಕೇಳುತ್ತಾರೆ, ಇಳಿದರೆ ತೆಳ್ಳಗಿನದು. ಆದ್ದರಿಂದ ತುಂಡುಮಾದ ದರ ನೋಡಿ ಸೊಲ್ಲಾಪುರದ ಮಗ್ಗಕ್ಕೆ ನೂಲು ಹಾಕಬೇಕು. ಈಗಿನವರು ಮೊಬೈಲಿನಲ್ಲಿ ದರ ತೋರಿಸಿ ಜಂಬ ಕೊಚ್ಚುತ್ತಾರೆ. ಮೊಬೈಲು ತೋರಿಸುವುದು ಬ್ಯಾಂಕಿನ ದರ. ಗಡಿಯಲ್ಲಿ ನಡೆಯುವುದು ರಸ್ತೆಯ ದರ. ಅದನ್ನು ರಸ್ತೆಯಲ್ಲಿ ನಿಂತವನೇ ಹೇಳಬೇಕು.

ನಮ್ಮ ಪರವಾಗಿ ಅಲ್ಲಿ ನಿಂತವನು ಈರಣ್ಣ, ಸಾಹುಕಾರ ಗುರುಪಾದಪ್ಪನವರ ತಮ್ಮ. ವರ್ಷಕ್ಕೊಮ್ಮೆ ಊರಿಗೆ ಬರುವನು. ಉಳಿದ ದಿನ ಬೆಳಿಗ್ಗೆ ಅವನ ಫೋನು. ಹಿಂದೆ ಲಾರಿಗಳ ಗದ್ದಲ, ಹಾರ್ನು, ಅದರ ನಡುವೆ ಅವನ ದನಿ: "ರಾಯರ, ಬರಕೋರಿ."

ದರ ತಿಳಿದ ಮೇಲೆ ಅದನ್ನು ಸಾಹುಕಾರರಿಗೆ ಬಾಯಿಂದ ಹೇಳುವಂತಿರಲಿಲ್ಲ. ಪೇಢಿಯ ಗಾದಿಯ ಸುತ್ತ ನೂಲಿನ ದಲಾಲರು ಸದಾ ಕುಳಿತಿರುತ್ತಿದ್ದರು. ಅವರ ಕಿವಿ ಮೊಲದ ಕಿವಿ, ನಮಗೆ ಎಷ್ಟು ನೂಲು ಬೇಕಾದೀತೆಂದು ತಿಳಿದರೆ ಬೆಲೆ ಏರಿಸುವರು. ಸಾಹುಕಾರರ ತಂದೆ ಅಕ್ಕಲಕೋಟೆ ಕಡೆ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಅಲ್ಲಿ ಎತ್ತಿನ ಬೆಲೆಯನ್ನು ಬಟ್ಟೆಯ ಕೆಳಗೆ ಬೆರಳು ಹಿಡಿದು ಮಾತನಾಡುತ್ತಾರಲ್ಲ, ಅದೇ ಪದ್ಧತಿ ನಮ್ಮ ಪೇಢಿಗೂ ಬಂತು. ಸಾಹುಕಾರರು ತೊಡೆಯ ಮೇಲೆ ಟವೆಲ್ ಹಾಸಿ, "ಬರ್ರಿ ರಾವ್," ಎಂದು ಕೈ ಒಳಗಿಡುತ್ತಿದ್ದರು. ನಾನೂ ಕೈ ಇಟ್ಟು ಅವರ ಬೆರಳುಗಳನ್ನು ಒತ್ತಿ ಅಂಕಿ ಹೇಳುತ್ತಿದ್ದೆ. ಒಂದು ಬೆರಳು ಒಂದು, ಇಡೀ ಕೈ ಐದು, ಕೈ ಹಿಡಿದು ಮತ್ತೆ ಮೂರು ಬೆರಳು ಒತ್ತಿದರೆ ಎಂಟು. ಅವರು ಅದನ್ನೇ ತಿರುಗಿ ಒತ್ತಿದರೆ ತಿಳಿಯಿತು ಎಂದರ್ಥ. ಹೊರಗಿನಿಂದ ನೋಡಿದರೆ ಇಬ್ಬರು ಗಂಡಸರು ಸುಮ್ಮನೆ ಚಾವಣಿ ನೋಡುತ್ತ ಕುಳಿತಂತೆ ಕಾಣುತ್ತಿತ್ತು.

ಈರಣ್ಣ ರಜೆಗೆ ಬಂದಾಗ ಅವನೂ ಹೀಗೇ ದರ ಹೇಳುತ್ತಿದ್ದ. ಆದರೆ ಅಂಕಿ ಮುಗಿದ ಮೇಲೆ ಅಂಗೈಯಲ್ಲಿ ಉಗುರಿನಿಂದ ಒಂದು ಗೀರು ಎಳೆಯುವನು. ಪಕ್ಕಾ ಎಂಬುದಕ್ಕೆ ಅವನದೇ ಗುರುತು. ಸಾಹುಕಾರರಿಗೆ ಅದು ಸೇರುತ್ತಿರಲಿಲ್ಲ. "ಬೆಕ್ಕಿನಂಗ ಪರಚತಾನ ಮಗಾ," ಎಂದು ಬೈಯುತ್ತಿದ್ದರು.

ಈ ಕೈಭಾಷೆಯಿಂದ ಒಮ್ಮೆ ನಾವು ಚೆನ್ನಾಗಿ ಪೆಟ್ಟು ತಿಂದೆವು. ಕೈಗೆ ಸೊನ್ನೆ ಗೊತ್ತಿಲ್ಲ. ಎತ್ತು ಎದುರಿಗೇ ನಿಂತಿರುವಾಗ ಮೂರು ಎಂದರೆ ಮುನ್ನೂರೋ ಮೂರು ಸಾವಿರವೋ ಎಂದು ಸಂತೆಯವರಿಗೆ ತಾನೇ ತಿಳಿಯುತ್ತದೆ. ಜಾಂಬಿಯಾದವರು ತಮ್ಮ ಕ್ವಾಚಾದಿಂದ ಮೂರು ಸೊನ್ನೆ ತೆಗೆದು ಹೊಸ ನೋಟು ತಂದ ಕಾಲ ಅದು. ಮೊದಲು ಒಂದು ಶಿಲ್ಲಿಂಗಿಗೆ ಮೂರು ಚಿಲ್ಲರೆ ಕ್ವಾಚಾ ಇತ್ತು. ಹೊಸ ನೋಟು ಬಂದ ಮೇಲೆ ಒಂದು ಕ್ವಾಚಾಕ್ಕೆ ಮುನ್ನೂರರ ಆಸುಪಾಸು ಶಿಲ್ಲಿಂಗ್. ದರ ಪೂರಾ ತಲೆಕೆಳಗಾಗಿತ್ತು, ಆದರೆ ಟವೆಲ್ಲಿನ ಕೆಳಗೆ ಅದೂ ಮೂರು, ಇದೂ ಮೂರು. ಸೊನ್ನೆ ತೆಗೆದಿದ್ದಾರೆ ಎಂದು ನಾನು ಹೇಳಿದಾಗ ಸಾಹುಕಾರರು, "ತಗೀಲಿ ಬಿಡ್ರಿ. ನಮ್ಮ ಟವೆಲ್ಲಿಗೆ ಸೊನ್ನಿ ಎಲ್ಲಿ ಅದಾವ?" ಎಂದು ನಕ್ಕುಬಿಟ್ಟರು. ಮುಂದೆ ಅಂಕಿ ಏರಿದಾಗ, ಹಳೆಯ ಲೆಕ್ಕದಂತೆ ಒಂದು ಶಿಲ್ಲಿಂಗಿಗೆ ಹೆಚ್ಚು ಕ್ವಾಚಾ ಬೇಕಾಯಿತು, ಕ್ವಾಚಾ ಬಿದ್ದಿತು ಎಂದು ತಿಳಿದು ಸೀರೆ ಸೆರಗಿನಂಥ ತೆಳ್ಳನೆಯ ಟವೆಲ್ ನೇಯಿಸಿ ಕಳಿಸಿದೆವು. ನಿಜದಲ್ಲಿ ಕ್ವಾಚಾ ಏರಿತ್ತು. ಈರಣ್ಣನ ಫೋನು ಬಂತು: "ಅಣ್ಣಾಗ ಹೇಳ್ರಿ ರಾಯರ, ಹೆಣ್ಮಕ್ಕಳು ನಮ್ಮ ಮಾಲು ಬಿಸಲಿಗಿ ಹಿಡದು ನಗಾಕತ್ತಾರ. ಇದರಾಗಿಂದ ತಮ್ಮ ದೇಶ ಕಾಣತದಂತ!" ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ನೆನಪಿಡಿ. ಅಂಕಿಗೆ ಮುಖವಿಲ್ಲ. ಅದು ಯಾವ ಕಡೆಯಿಂದ ಬಂತು ಎಂದು ಕೇಳಿದ ಮೇಲೆ ನಂಬಿ.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದಿನದನ್ನು ನಾನು ಮನೆಯಲ್ಲಿಯೂ ಪೂರ್ತಿ ಹೇಳಿಲ್ಲ.

ರೋಗ ಬಂದು ಜಗತ್ತೆಲ್ಲ ಬಾಗಿಲು ಹಾಕಿಕೊಂಡಿತಲ್ಲ, ಅದಕ್ಕೆ ತುಸು ಮೊದಲಿನ ಮಾತು. ಒಂದು ಬೆಳಿಗ್ಗೆ ಈರಣ್ಣನ ಫೋನು ಬಂತು. "ರಾಯರ, ಇವತ್ತು ಒಂದ ನೂರಾ ನಲ್ವತ್ತು. ನಾ ಆ ಕಡಿ ಹೋಗಿ ಸಂಜೀಕ ಬರ್ತೀನಿ. ಜುಮಾ ನನಗ ಈ ಭಾವ ಹಿಡದಿಟ್ಟಾನ."

ಜುಮಾ ಎಂದರೆ ಗಡಿಯಲ್ಲಿ ನೋಟು ಬದಲಿಸಿಕೊಡುವವನು, ಈರಣ್ಣನ ಗೆಳೆಯ. ಅಲ್ಲಿ ಒಂದು ರೂಢಿ ಇದೆ. ಕಾಯಂ ಗಿರಾಕಿ ಬೆಳಿಗ್ಗೆ ಗಡಿ ದಾಟಿದರೆ, ಅವನು ಮರಳುವ ತನಕ ಬೆಳಗಿನ ಭಾವವನ್ನೇ, ಅಂದರೆ ದರವನ್ನೇ, ಅವನಿಗಾಗಿ ಹಿಡಿದಿಡುತ್ತಾರೆ. ನಡುವೆ ಪೇಟೆ ಏರಲಿ ಇಳಿಯಲಿ, ಅವನಿಗೆ ಅದೇ ದರ. ಚೀಟಿ ಇಲ್ಲ, ಬರೀ ಮಾತು.

ಫೋನು ಇಟ್ಟ ಮೇಲೆ ನನಗೆ ಒಂದು ಹೊಳೆಯಿತು. ಅವತ್ತು ಅವನ ಹಿಂದೆ ಲಾರಿಯ ಸದ್ದಿರಲಿಲ್ಲ. ಹಾರ್ನಿಲ್ಲ, ಜನರಿಲ್ಲ, ಗಾಳಿಯೂ ಇಲ್ಲ. ಅವನು ನನ್ನ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತನಾಡಿದಂತಿತ್ತು.

ಈರಣ್ಣ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಜುಮಾ ಆಚೆ ಹೋಗಿ ಹುಡುಕಿದ, ಪೊಲೀಸರಿಗೆ ಹೇಳಿದ. ಅಷ್ಟರಲ್ಲಿ ರೋಗ ಬಂತು, ಗಡಿ ಮುಚ್ಚಿತು, ವಿಮಾನ ನಿಂತವು. ಸಾಹುಕಾರರ ಮಗ ಮಹೇಶ ದಿಲ್ಲಿಯವರೆಗೆ ಪತ್ರ ಬರೆದ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಮುಂದೆ ಜುಮಾನೇ ದಿನದ ದರವನ್ನು ಧ್ವನಿ ಸಂದೇಶದಲ್ಲಿ ಕಳಿಸತೊಡಗಿದ. ತನ್ನ ಭಾಷೆಯಲ್ಲಿ ಅಂಕಿ ಹೇಳುವನು. ನಾನು ಆ ಅಂಕಿಗಳನ್ನು ಕಲಿತುಕೊಂಡೆ.

ಈರಣ್ಣನ ಹೆಂಡತಿ ಗಂಗವ್ವ ಅಕ್ಕಲಕೋಟೆಯ ಮನೆಯಲ್ಲಿದ್ದಳು. ಮಕ್ಕಳಿಲ್ಲ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ, ಮೊದಲಿನಂತೆಯೇ ಇದ್ದಳು. ಅದು ಕೆಲವರ ಕಣ್ಣು ಚುಚ್ಚಿತು. ನಾಗಣಸೂರದಿಂದ ಸಾಹುಕಾರರ ಬೀಗರು ಬಂದು ಪಡಸಾಲೆಯಲ್ಲಿ ಕುಳಿತು, "ಸತ್ತವಗ ಕಾರ್ಯ ಮಾಡಲಿಲ್ಲಂದ್ರ ಮನಿಗಿ ಚಲೋ ಅಲ್ಲ. ಆಕಿ ಹಿಂಗ ಬಳಿ ಹಾಕ್ಕೊಂಡು ತಿರಗೂದು ಬರೂಬರಿ ಕಾಣೂದಿಲ್ಲ," ಎಂದರು. ಬಾಗಿಲ ಹಿಂದೆ ಗಂಗವ್ವ ನಿಂತಿದ್ದು ನನಗೆ ಕಾಣುತ್ತಿತ್ತು.

ಸಾಹುಕಾರರು ಹೇಳಿದರು: "ಜುಮಾನ ಹಂತೇಕ ನನ್ನ ತಮ್ಮಂದು ನೂರಾ ನಲ್ವತ್ತರ ಭಾವ ಇನ್ನೂ ಹಿಡದಿಟ್ಟದ್ದು ಅದ. ಪ್ಯಾಟಿ ತಿರಿಗಿ ಆ ಭಾವಕ್ಕ ಬಂದ ದಿನ ಅವ ಬರ್ತಾನ. ಬರಲಿಲ್ಲಂದ್ರ, ಅವತ್ತ ಕಾರ್ಯ ಮಾಡೂನು. ಇದು ನನ್ನ ಮಾತು."

ಬೀಗರು ಒಪ್ಪಿ ಎದ್ದರು. ಸಾಹುಕಾರರ ಜಾಣತನ ನನಗೊಬ್ಬನಿಗೇ ತಿಳಿಯಿತು. ಕ್ವಾಚಾ ಆಗ ಬಾವಿಗೆ ಬಿಟ್ಟ ಕೊಡದಂತೆ ಇಳಿಯುತ್ತಿತ್ತು. ಅದು ನೂರಾ ನಲ್ವತ್ತಕ್ಕೆ ಮತ್ತೆ ಏರೀತೆಂದು ಯಾರೂ ನಂಬುತ್ತಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗಂಗವ್ವನ ಕುಂಕುಮವನ್ನು ಅವರು ಎಂದೂ ಬರಲಾರದ ದರಕ್ಕೆ ಕಟ್ಟಿಹಾಕಿ ಕಾಪಾಡಿದ್ದರು.

ಆ ವರ್ಷವೇ ಸಾಹುಕಾರರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಸೊಲ್ಲಾಪುರದ ಮನೆಗೆ ಮೆಟ್ಟಿಲು ಬಹಳ, ಆದ್ದರಿಂದ ಅವರನ್ನು ಅಕ್ಕಲಕೋಟೆಯ ಮನೆಗೇ ತಂದು ಮಲಗಿಸಿದರು. ಮಹೇಶ ಪೇಢಿ ನೋಡಿಕೊಳ್ಳುತ್ತ ದಿನಾ ಹೋಗಿ ಬರುತ್ತಿದ್ದ. ನಾನು ಆಗಲೇ ನಿವೃತ್ತನಾಗಿದ್ದೆ, ಜುಮಾನ ದರ ಮಾತ್ರ ನನ್ನ ಮೊಬೈಲಿಗೇ ಬಂದು ನನ್ನಿಂದ ಮಹೇಶನಿಗೆ ಹೋಗುತ್ತಿತ್ತು. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಟವೆಲ್ ಹಾಸಿ ಅವರ ಎಡಗೈಗೆ ದರ ಹೇಳಿ ಬರುತ್ತಿದ್ದೆ. ಅವರ ಕಣ್ಣು ಆ ಹೊತ್ತಿಗಾಗಿಯೇ ಕಾಯುತ್ತಿತ್ತು.

ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ಗಂಗವ್ವ ಮೊದಲು ಕೇಳುವಳು. "ಇವತ್ತ ಎಷ್ಟ ಅದ ರಾಯರ?" ನೂರಾ ಹತ್ತು ಎಂದೆ ಒಮ್ಮೆ. ನೂರಾ ನಾಲ್ಕು ಎಂದೆ ಇನ್ನೊಮ್ಮೆ. ಅಂಕಿ ಇಳಿದಷ್ಟೂ ಅವಳ ಮುಖ ಅರಳುತ್ತಿತ್ತು. ಅವತ್ತು ರೊಟ್ಟಿಯ ಜೊತೆ ಶೇಂಗಾ ಚಟ್ನಿಗೆ ಕೈಬಿಚ್ಚಿ ಎಣ್ಣೆ ಹಾಕುವಳು. ನೂರಕ್ಕೆ ಬಂದರೆ ಹೋಳಿಗೆ ಮಾಡುತ್ತೇನೆ ಎಂದಿದ್ದಳು.

ನೂರಕ್ಕೆ ಬರಲಿಲ್ಲ. ಕ್ವಾಚಾ ಒಮ್ಮೆಲೇ ಮಗ್ಗುಲು ಬದಲಿಸಿತು. ಆ ದೇಶದಲ್ಲಿ ಚುನಾವಣೆ ನಡೆದು ಸರಕಾರ ಬದಲಾಗುವ ಹೊತ್ತಿಗೆ ದರ ಮೇಲಕ್ಕೆ ಓಡತೊಡಗಿತು. ಮಹೇಶನಿಗೆ ಹಿಗ್ಗು. "ಕಾಕಾ, ಜಾಡ ಮಾಲ್ ಕಾಢಾ ಆತಾ, ದಪ್ಪ ಟವೆಲ್ಲ ಹಾಕಸ್ರಿ!" ಎಂದು ಮರಾಠಿ, ಕನ್ನಡ ಕಲಸಿ ಕುಣಿದ. ಅದೇ ಅಂಕಿಯನ್ನು ಹೊತ್ತು ನಾನು ಅಕ್ಕಲಕೋಟೆಗೆ ಹೋದರೆ ಗಂಗವ್ವ ತಂಬಿಗೆ ಕೆಳಗಿಟ್ಟು ಗೋಡೆ ಹಿಡಿದಳು.

ಆ ವಾರದ್ದೇ ಮಾತು. ನಾನು ಟವೆಲ್ ಹಾಸಿದಾಗ ಸಾಹುಕಾರರು ಎಡಗೈ ಕೊಡಲಿಲ್ಲ. ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ತಂದು ಟವೆಲ್ಲಿನ ಕೆಳಗೆ ಇಟ್ಟರು. ಅದು ತಣ್ಣಗೆ, ಭಾರವಾಗಿ, ಬೇರೆ ಯಾರದೋ ಕೈಯಂತಿತ್ತು. ಸುಮ್ಮನೆ ಅವರ ಸಮಾಧಾನಕ್ಕೆಂದು ನೂರಾ ಹದಿನೆಂಟು ಒತ್ತಿದೆ. ಸತ್ತ ಬೆರಳುಗಳು ನಿಧಾನವಾಗಿ ತಿರುಗಿ ಒತ್ತಿದವು. ಒಂದು, ಎರಡು, ಒಂದು. ನಾನು ಅವರ ಮುಖ ನೋಡಿದೆ. ಅವರು ನನಗಿಂತ ಹೆಚ್ಚು ಹೆದರಿದ್ದರು.

ಡಾಕ್ಟರರನ್ನು ಕೇಳಿದೆ. ನರ ತಾನಾಗಿ ಸೆಟೆದುಕೊಳ್ಳುತ್ತದೆ, ಅರ್ಥ ಹಚ್ಚಬೇಡಿ ಎಂದರು. ಸರಿ ಎಂದು ಸೊಲ್ಲಾಪುರಕ್ಕೆ ಬಂದೆ. ಮರುದಿನ ಜುಮಾನ ಸಂದೇಶ ಬಂತು. ನೂರಾ ಇಪ್ಪತ್ತೊಂದು.

ಮುಂದಿನ ವಾರವೂ ಹಾಗೇ ಆಯಿತು. ನಾನು ಒಯ್ದ ದರ ಒಂದು, ಆ ಕೈ ಹೇಳಿದ್ದು ಇನ್ನೊಂದು, ಮರುದಿನ ಬಂದದ್ದು ಕೈ ಹೇಳಿದ್ದು. ಅದರಾಚೆ ವಾರ ಅಂಕಿ ಮುಗಿದ ಮೇಲೆ ನನ್ನ ಅಂಗೈಯಲ್ಲಿ ಉಗುರಿನ ಗೀರು ಬಿತ್ತು. ನಾನು ಕೈ ಎಳೆದುಕೊಂಡೆ. ಸಾಹುಕಾರರ ಉಗುರುಗಳನ್ನು ಅವತ್ತೇ ಬೆಳಿಗ್ಗೆ ಮಹೇಶ ಬುಡಕ್ಕೆ ಕತ್ತರಿಸಿದ್ದ. ನನ್ನ ಅಂಗೈಯ ಮೇಲಿನ ಕೆಂಪು ಗೆರೆ ಎರಡು ದಿನ ಮಾಸಲಿಲ್ಲ. ಹೆಂಡತಿ ಕೇಳಿದರೆ ಬಸ್ಸಿನ ಕಂಬಿ ತಾಗಿತು ಎಂದೆ.

ಹೋಗುವುದನ್ನೇ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡಲಾಗಲಿಲ್ಲ. ಬಾಗಿಲಲ್ಲಿ ಕಾಯುವ ಒಂದು ಜೀವ, ಹಾಸಿಗೆಯಲ್ಲಿ ಕಾಯುವ ಇನ್ನೊಂದು ಜೀವ. ಜಾಣತನದಿಂದ ಆಡಿದ ಮಾತನ್ನು ಈಗ ತಾನೇ ನಂಬಿಕೊಂಡ ಅಣ್ಣನಿಗೆ ಆ ದರ ಬೇಕಾಗಿತ್ತು, ತಮ್ಮ ಬರುತ್ತಾನೆಂದು. ತಮ್ಮನ ಹೆಂಡತಿಗೆ ಬೇಡವಾಗಿತ್ತು, ಬರುವುದಿಲ್ಲವೆಂದು ಗೊತ್ತಾಗಿಬಿಡುತ್ತದೆಂದು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಹುಕಾರರಿಗೆ ನಾಲಗೆಯೇ ಉಳಿದಿರಲಿಲ್ಲ. ನಾಗಣಸೂರದವರು ಈಗ ವಾರ ವಾರ ಮಹೇಶನಿಗೆ ಫೋನು ಮಾಡಿ ಕ್ವಾಚಾದ ದರ ಕೇಳುತ್ತಿದ್ದರು.

ನೂರಾ ಮೂವತ್ಮೂರು ಆದ ದಿನ ಗಂಗವ್ವ ನನ್ನನ್ನು ಅಂಗಳದಲ್ಲಿ ನಿಲ್ಲಿಸಿದಳು. "ರಾಯರ, ನಿಮ್ಮ ಕಾಲ ಬೀಳ್ತೀನಿ. ಅಲ್ಲೀತನಾ ಬಂದ್ರ ಆ ಅಂಕಿ ಈ ಮನಿಯೊಳಗ ತರಬ್ಯಾಡ್ರಿ. ಅವರು ಎಲ್ಲೆರೆ ಇರವಲ್ರಾಕ, ನನ್ನ ಪಾಲಿಗಿ ಅದಾರ. ನೀವು ಅದನ್ನ ಹೇಳಿದ್ರ ಮಂದಿ ಬಂದು ನನ್ನ ಕೈ ಹಿಡದು ಕಲ್ಲಿಗಿ ಬಡೀತಾರ."

ಬಳೆ ಒಡೆಯುವುದನ್ನು ಹೇಳುತ್ತಿದ್ದಳು. ಆಯುಷ್ಯದಲ್ಲಿ ಒಂದು ದರವನ್ನೂ ನಾನು ಸುಳ್ಳು ಹೇಳಿದವನಲ್ಲ. ಅವತ್ತು, "ತರೂದಿಲ್ಲವ್ವಾ," ಎಂದುಬಿಟ್ಟೆ.

ಆ ದಿನ ಬಂತು. ಬೆಳಿಗ್ಗೆ ಜುಮಾನ ದನಿ: "ಮಿಯಾ ಮೋಜಾ ನಾ ಅರೋಬೈನಿ." ನೂರಾ ನಲ್ವತ್ತು. ಎರಡು ಸಲ ಕೇಳಿಸಿಕೊಂಡೆ. ಅದರಾಚೆ ಅವನು ಏನನ್ನೂ ಹೇಳಿರಲಿಲ್ಲ. ಈರಣ್ಣ ಬಂದಿದ್ದರೆ ಜುಮಾ ಹೇಳುತ್ತಿದ್ದ.

ಮಧ್ಯಾಹ್ನದ ಬಸ್ಸಿಗೆ ಅಕ್ಕಲಕೋಟೆಗೆ ಹೊರಟೆ. ದಾರಿಯುದ್ದಕ್ಕೂ ನೂರಾ ಮೂವತ್ತೊಂಬತ್ತು, ನೂರಾ ಮೂವತ್ತೊಂಬತ್ತು ಎಂದು ಬಾಯಿಪಾಠ ಮಾಡಿದೆ. ಹೊಸ್ತಿಲಲ್ಲಿ ಗಂಗವ್ವ ಕೇಳಿದಳು. ಹೇಳಿದೆ. ಅವಳು ನನ್ನ ಕಣ್ಣನ್ನೇ ನೋಡಿ, ಬಳೆ ತುಂಬಿದ ಕೈಯಿಂದ ನೀರು ಕೊಟ್ಟು ಬಾಗಿಲ ಪಕ್ಕಕ್ಕೆ ಸರಿದಳು.

ಸಾಹುಕಾರರು ನಿದ್ದೆಯಲ್ಲಿದ್ದರು. ಬಾಯಿ ತುಸು ತೆರೆದಿತ್ತು, ಗೊರಕೆ ಕೇಳುತ್ತಿತ್ತು. ಒಳ್ಳೆಯದೇ ಆಯಿತು, ಎಬ್ಬಿಸದೆ ಹೋಗೋಣ ಎಂದುಕೊಂಡೆ. ಆದರೆ ಟವೆಲ್ ಆಗಲೇ ಅವರ ಪಕ್ಕದಲ್ಲಿ ಹಾಸಿತ್ತು, ಬಲಗೈ ಅದರ ಕೆಳಗಿತ್ತು. ಇಟ್ಟವರು ಯಾರು ಎಂದು ಗಂಗವ್ವನನ್ನು ಕೇಳಿದೆ. ಅವಳು ತಾನಲ್ಲವೆಂದು ತಲೆ ಅಲ್ಲಾಡಿಸಿದಳು. ಕೈ ಒಳಗಿಟ್ಟೆ. ಆ ಕೈ ಅವತ್ತು ತಣ್ಣಗಿರಲಿಲ್ಲ. ದೂರ ನಡೆದು ಬಂದವರ ಕೈಯಂತೆ ಬೆವೆತು ಬಿಸಿಯಾಗಿತ್ತು. ಒಂದು, ಮೂರು, ಒಂಬತ್ತು ಎಂದು ಒತ್ತಿದೆ. ಆ ಕೈ ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿತು, ತಪ್ಪು ಬರೆದ ಹುಡುಗನ ಕೈಯನ್ನು ಮಾಸ್ತರ ಬಿಡಿಸುವ ಹಾಗೆ. ಒಂದು ಒತ್ತಿತು. ನಾಲ್ಕು ಒತ್ತಿತು. ಅಂಗೈಯಲ್ಲಿ ಗೀರು ಎಳೆಯಿತು. ಗೊರಕೆ ನಡೆದೇ ಇತ್ತು.

ನಾನು ಎದ್ದು ಗೋಡೆಗೆ ಒರಗಿದೆ. ಗಂಗವ್ವ ನನ್ನ ಮುಖ ನೋಡಿದಳು, ನನ್ನ ಅಂಗೈ ನೋಡಿದಳು. ಆಮೇಲೆ ಅವಳು ಮಾಡಿದ್ದು ನಮ್ಮ ಕಡೆ ಯಾವ ಹೆಣ್ಣೂ ಮಾಡುವಂಥದ್ದಲ್ಲ. ಗಂಡನ ಅಣ್ಣನ ಎದುರಿಗೆ ಸೆರಗು ಸರಿಸದವಳು, ಅವರ ನೆರಳನ್ನೂ ದಾಟದವಳು, ಮಂಚದ ಅಂಚಿಗೆ ಕುಳಿತು ಟವೆಲ್ಲಿನ ಕೆಳಗೆ ಕೈ ಇಟ್ಟಳು. ಮೊದಲು ಬಲಗೈ. ಸ್ವಲ್ಪ ಹೊತ್ತಿಗೆ ಎಡಗೈ.

ಟವೆಲ್ ಅಲುಗಲಿಲ್ಲ. ಅವಳು ಕಿಟಕಿಯ ಕಡೆ ನೋಡುತ್ತ, "ಹೂಂ... ಹೂಂ," ಎನ್ನುತ್ತಿದ್ದಳು. ಯಾರೋ ಬಹಳ ದಿನದ ಮೇಲೆ ಬಂದು ಪ್ರಯಾಣದ ಸುದ್ದಿ ಹೇಳುವಾಗ ಕೇಳುವವರು ಹೀಗೇ ಹೂಂಗುಡುತ್ತಾರೆ. ಒಮ್ಮೆ ಸಣ್ಣಗೆ ನಕ್ಕಳು. ಒಮ್ಮೆ ಕಣ್ಣೀರು ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲು ಕೈ ಹೊರಗೆ ತೆಗೆಯಲಿಲ್ಲ. ಬೀದಿಯಲ್ಲಿ ಅಕ್ಕಲಕೋಟೆಯ ಮಠಕ್ಕೆ ಬಂದ ಯಾತ್ರಿಕರ ಗದ್ದಲ ಇತ್ತು. ಕೋಣೆಯೊಳಗೆ ಮಾತ್ರ ಒಂದು ಸದ್ದೂ ಇರಲಿಲ್ಲ, ಗೊರಕೆ ಕೂಡ ನಿಂತಿತ್ತು. ಸಾಹುಕಾರರು ಎಚ್ಚರಾಗಿ, ಕಣ್ಣು ಅಗಲಿಸಿ, ತಮ್ಮ ಬಲಗೈ ಇದ್ದ ಕಡೆಗೆ ನೋಡುತ್ತಿದ್ದರು.

ಎಷ್ಟು ಹೊತ್ತಾಯಿತೋ ತಿಳಿಯದು. ಗಂಗವ್ವ ಕೈ ಹೊರಗೆ ತೆಗೆದು ಎದ್ದು ನಿಂತು ಸೆರಗು ಸರಿಪಡಿಸಿಕೊಂಡಳು. ಅವಳ ದನಿ ಗಟ್ಟಿಯಾಗಿತ್ತು.

"ಬಂದಿದ್ರು ರಾಯರ. ಮಾತ ಮುಗೀತು. ಮಹೇಶಗ ಹೇಳ್ರಿ, ಕಾರ್ಯಕ್ಕ ಸ್ವಾಮಿಗೋಳ್ನ ಕರಸಲಿ. ನಾಗಣಸೂರದವರಿಗಿ ಹೇಳ್ರಿ, ಕಲ್ಲ ತಗೊಂಡು ಬರೂದು ಬ್ಯಾಡ."

ಆಗ ನಾನು ಅವಳ ಮುಂಗೈ ನೋಡಿದೆ. ಎರಡೂ ಬರಿದಾಗಿದ್ದವು. ಅದೇ ವಾರ ಬಳೆಗಾರ ಮನೆಗೆ ಬಂದು, ಸೋಪು ಹಚ್ಚಿ, ಅವಳ ಕೈ ಹಿಂಡಿ ಏರಿಸಿ ಹೋಗಿದ್ದ ಬಿಗಿ ಬಳೆಗಳವು. ಒಡೆಯದೆ ಅವನ್ನು ತೆಗೆಯುವುದು ಅವಳಿಂದಲೂ ಆಗದ ಮಾತು. ಮಂಚದ ಕೆಳಗೆ ಬಗ್ಗಿ ನೋಡಿದೆ, ಹಾಸಿಗೆ ಸವರಿದೆ. ಒಂದು ಚೂರು ಗಾಜು ಸಿಗಲಿಲ್ಲ. ಅವಳ ಕೈಗೆ ಒಂದು ಗೀರು ತಾಗಿರಲಿಲ್ಲ.

ಟವೆಲ್ ಎತ್ತಿದೆ. ಸಾಹುಕಾರರ ಸತ್ತ ಕೈ ಮುಷ್ಟಿ ಕಟ್ಟಿತ್ತು. ಅದರೊಳಗೆ ಹಸಿರು ಬಳೆಗಳೆಲ್ಲ ಒಂದರ ಮೇಲೊಂದು ಇದ್ದವು, ಒಂದೂ ಒಡೆದಿರಲಿಲ್ಲ.